ಮೇಯರ್ ಸೋದರರ ಅಂಗಡಿ

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಧರ್ಮವ್ಯಾಧನ ಕಥೆಯನ್ನು ಕೇಳದವರು ವಿರಳ. ವೇದಾಧ್ಯಯನಸಂಪನ್ನನಾದ ಕೌಶಿಕನೆಂಬ ಬ್ರಾಹ್ಮಣನು ಧರ್ಮದ ಮರ್ಮವನ್ನು ತಿಳಿಯಬೇಕೆಂದು ಮಿಥಿಲೆಗೆ ಹೋದನು. ಹೋಗಿ ನೋಡಿದರೆ, ತನಗೆ ಉಪದೇಶಿಸಬೇಕಾದವನು ಮಾಂಸದಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದನು. ಕೊಳ್ಳುವವರ ಗುಂಪು ಅಷ್ಟು ದೊಡ್ಡದಾಗಿದ್ದುದರಿಂದ ಬ್ರಾಹ್ಮಣನು ಒಂದು ಬದಿಗೆ ಸರಿದು ಏಕಾಂತದಲ್ಲಿ ನಿಂತುಕೊಂಡನಂತೆ. ತಾನು ಕೊಲ್ಲುವವನಲ್ಲ, ತಿನ್ನುವವನೂ ಅಲ್ಲ, ಅನ್ಯರು ಕೊಂದುದನ್ನು ಮಾರುವವನು. ಇದು ತನ್ನ ತಂದೆ ತಾತಂದಿರಿಂದ ಬಂದ ವೃತ್ತಿ ಎಂದು ವ್ಯಾಧನು ಆಮೇಲೆ ಹೇಳಿಕೊಳ್ಳುವನು. ಪೌರಾಣಿಕರು ಇಲ್ಲಿಂದ ನೇರವಾಗಿ ತತ್ತ್ವೋಪದೇಶದ ಕಡೆಗೆ ಧಾವಿಸುವುದು ವಾಡಿಕೆ. ಆ ಅಂಗಡಿಯ ಮುಂದೆ ಅಷ್ಟು ಜನ ನೆರೆದಿದ್ದುದೇಕೆ ಎಂದು ಕೇಳುವವರು ಕಡಮೆ. ಮಿಥಿಲೆಯಲ್ಲಿ ಮಾಂಸ ಮಾರುವವನು ಅವನೊಬ್ಬನೇ ಆಗಿದ್ದಿರಲಾರನು. ಮಾರುವವನು ಎಂತಹವನೆಂಬುದನ್ನು ಕೊಳ್ಳುವವರು ಬಲ್ಲವರಾಗಿದ್ದರೆಂದೇ ಊಹಿಸಬೇಕು.

ಮಾಂಸವೆಂಬ ಶಬ್ದವನ್ನು ಕಂಡೊಡನೆ ಪುಟ ಮಗುಚುವ ವಾಚಕರು ಕೆಲವರಿರಬಹುದು. ಅವರು ಕೌಶಿಕನಂತೆ ಒಂದು ಬದಿಗೆ ನಿಂತಾದರೂ ಈ ವೃತ್ತಾಂತವನ್ನು ಕೇಳಬಹುದು. ಇದು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಒಂದು ಮನೆತನವು ಮಾಂಸವನ್ನು ಸಂಸ್ಕರಿಸಿ ಮಾರಿ, ತನ್ನ ಹೆಸರನ್ನು ಒಂದು ದೇಶದ ಮಕ್ಕಳೆಲ್ಲರ ಬಾಯಲ್ಲಿ ನಿಲ್ಲಿಸಿ, ಕೊನೆಗೆ ಆ ಹೆಸರಿನಿಂದಲೇ ಅಗಲಿದ ಕಥೆ.

ಮೊದಲು ಆ ಪದಾರ್ಥದ ವಿಷಯ. ಜರ್ಮನರು ವುರ್ಸ್ಟ್ ಎಂದೂ ಇಂಗ್ಲಿಷರು ಸಾಸೇಜು ಎಂದೂ ಕರೆಯುವ ತಿನಿಸನ್ನು ಮಾಡುವ ಬಗೆ ಇದು. ಮಾಂಸವನ್ನೂ ಕೊಬ್ಬನ್ನೂ ಸಣ್ಣಗೆ ಕೊಚ್ಚಿ, ಉಪ್ಪು, ಮೆಣಸು ಮೊದಲಾದ ಸಂಬಾರಗಳನ್ನು ಬೆರಸಿ, ತೊಳೆದು ಹಸನು ಮಾಡಿದ ಕರುಳಿನ ಚೀಲದೊಳಗೆ ತುಂಬುವರು. ಕೆಲವನ್ನು ಬೇಯಿಸುವರು, ಕೆಲವನ್ನು ಕಟ್ಟಿಗೆಯ ಹೊಗೆಯಲ್ಲಿ ತೂಗುಹಾಕುವರು. ಹಂದಿಯ ತೊಡೆಯನ್ನು ಉಪ್ಪುನೀರಿನಲ್ಲಿ ನೆನೆಯಿಟ್ಟು ಹೊಗೆಯಾಡಿಸಿದರೆ ಹ್ಯಾಮು. ಹೊಟ್ಟೆಯ ಭಾಗವನ್ನು ಹಾಗೆಯೇ ಸಂಸ್ಕರಿಸಿದರೆ ಬೇಕನ್. ಮಂಜುಗಡ್ಡೆ ದುರ್ಲಭವಾಗಿದ್ದ ಕಾಲದಲ್ಲಿ ಚಳಿಗಾಲದ ಮೊದಲಲ್ಲಿ ಕೊಯ್ದ ಪ್ರಾಣಿಯು ಮುಂದಿನ ತಿಂಗಳುಗಳಿಗೆ ಒದಗಬೇಕಾದರೆ ಉಪ್ಪು, ಹೊಗೆ, ಪೆಟ್ಲುಪ್ಪುಗಳ ಹೊರತು ಬೇರೆ ಉಪಾಯವಿರಲಿಲ್ಲ. ಉಪ್ಪಿನಕಾಯಿಯ ಜಾಡಿಗೆ ಒದ್ದೆಯ ಕೈ ತಗಲದಂತೆ ಕಾಯುವ ನಮ್ಮ ಗೃಹಿಣಿಯರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಈ ತಿನಿಸಿನಲ್ಲಿ ಒಂದು ಗೂಢವುಂಟು. ಚೀಲದೊಳಗೆ ಏನನ್ನು ತುಂಬಿದೆಯೆಂಬುದು ತುಂಬಿದವನಿಗಲ್ಲದೆ ಮತ್ತೊಬ್ಬರಿಗೆ ತಿಳಿಯದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟ ಸಾಸೇಜನ್ನು ತಿಂದು ಹಲವರು ಸತ್ತರು. ಕಣ್ಣು ಮಂಜಾಗಿ, ನಾಲಿಗೆ ಒಣಗಿ, ಮಾತು ತೊದಲಿ, ಉಸಿರು ನಿಂತುಹೋಗುವ ಈ ರೋಗವನ್ನು ಯೂಸ್ಟಿನಸ್ ಕೆರ್ನರ್ ಎಂಬ ವೈದ್ಯನು ಪರಿಶೋಧಿಸಿ 1820ರಲ್ಲಿಯೂ 1822ರಲ್ಲಿಯೂ ಎರಡು ಗ್ರಂಥಗಳನ್ನು ಪ್ರಕಟಿಸಿದನು. ಈತನು ಆ ಸೀಮೆಯ ಹೆಸರಾಂತ ಕವಿಯೂ ಹೌದು. ವಿಷವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದುದಲ್ಲದೆ ತನ್ನ ನಾಲಿಗೆಯ ಮೇಲೂ ಇಟ್ಟುಕೊಂಡು ನೋಡಿದನೆಂದರೆ ಅವನ ಧೈರ್ಯವನ್ನೋ ಹುಚ್ಚನ್ನೋ ಮೆಚ್ಚಬೇಕು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ಬೊಟುಲಸ್ ಎಂದು ಹೆಸರು. ಅದರಿಂದಲೇ ಆ ರೋಗಕ್ಕೆ ಬೊಟುಲಿಸಂ ಎಂಬ ಹೆಸರು ಬಂದಿತು. ಹೀಗೆ ಆ ಸೀಮೆಯಲ್ಲಿ ಸಾಸೇಜು ಮಾಡುವವನ ಪ್ರಾಮಾಣಿಕತೆಯೆಂಬುದು ನೀತಿಪಾಠದ ಮಾತಾಗಿರಲಿಲ್ಲ. ತಿನ್ನುವವನ ಪ್ರಾಣದ ಮಾತಾಗಿದ್ದಿತು.

ಆ ವುರ್ಟೆಂಬರ್ಗಿನ ಕೋಸಿಂಗನ್ ಎಂಬ ಹಳ್ಳಿಯಲ್ಲಿ 1859ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಆಸ್ಕರ್ ಮೇಯರ್ ಹುಟ್ಟಿದನು. ಮೇಯರ್ ಎಂಬ ಮನೆತನದ ಹೆಸರು ಹಿರಿಯನೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಜಮೀನ್ದಾರನ ಪರವಾಗಿ ಹೊಲಮನೆಗಳನ್ನು ನೋಡಿಕೊಳ್ಳುವ ಪಾರುಪತ್ಯಗಾರನಿಗೆ ಅದು ಸಲ್ಲುತ್ತಿದ್ದಿತು. ಹೆಸರು ಹಿರಿದಾದರೂ ಈ ಹುಡುಗನಿಗೆ ನೋಡಿಕೊಳ್ಳುವುದಕ್ಕೆ ಹೊಲಮನೆಗಳೇನೂ ಇರಲಿಲ್ಲ. 1873ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಬಂಧುಗಳ ಕುಟುಂಬದೊಡನೆ ಹಡಗನ್ನೇರಿ ಅಮೆರಿಕಕ್ಕೆ ಹೋದನು. ಡಿಟ್ರಾಯಿಟ್ ನಗರದ ಒಂದು ಮಾಂಸದಂಗಡಿಯಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು. ಕತ್ತಿ ಮಸೆಯುವುದು, ನೆಲ ತೊಳೆಯುವುದು, ಎಲುಬಿನಿಂದ ಮಾಂಸವನ್ನು ಬಿಡಿಸುವುದು, ಇಂತಹವುಗಳೇ ಆ ವಿದ್ಯೆಯ ಬಾಲಪಾಠಗಳು. ನಮ್ಮ ಹುಡುಗರು ಅಮರಕೋಶವನ್ನೂ ಶಬ್ದಗಳನ್ನೂ ಉರುಹೊಡೆಯುವ ವಯಸ್ಸಿನಲ್ಲಿ ಅವನು ಇದನ್ನು ಉರುಹೊಡೆದನು. ಮೂರು ವರ್ಷಗಳ ತರುವಾಯ, 1876ರಲ್ಲಿ, ಚಿಕಾಗೋ ನಗರಕ್ಕೆ ಬಂದನು.

ಚಿಕಾಗೋ ಎಂದರೆ ನಮ್ಮವರಿಗೆ ಕೂಡಲೆ ನೆನಪಾಗುವುದು ಸ್ವಾಮಿ ವಿವೇಕಾನಂದರ ಉಪನ್ಯಾಸ. ಅಮೆರಿಕದವರಿಗಾದರೋ ಆ ಕಾಲದಲ್ಲಿ ಚಿಕಾಗೋ ಎಂದರೆ ಮಾಂಸ. 1865ನೆಯ ಇಸವಿಯ ಕ್ರಿಸ್ಮಸ್ ದಿನದಂದು ಅಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಜಾನುವಾರುಗಳ ಮಹಾದೊಡ್ಡಿ ತೆರೆಯಲ್ಪಟ್ಟಿತು. ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲುಗಾಡಿಗಳು ದನಗಳನ್ನೂ ಹಂದಿಗಳನ್ನೂ ತಂದು ಸುರಿಯುತ್ತಿದ್ದವು. ದೊಡ್ಡಿಯ ಪಕ್ಕದಲ್ಲಿಯೇ ಆರ್ಮರ್, ಸ್ವಿಫ್ಟ್ ಮೊದಲಾದವರ ಕಾರಖಾನೆಗಳು. ಮೊದಲು ಪ್ರಾಣಿಯನ್ನು ಜೀವಸಹಿತವಾಗಿ ಪೂರ್ವದ ನಗರಗಳಿಗೆ ಸಾಗಿಸಿ ಅಲ್ಲಿ ಕೊಯ್ಯುತ್ತಿದ್ದರು. ಗಸ್ಟೇವಸ್ ಸ್ವಿಫ್ಟನು ಮಂಜುಗಡ್ಡೆ ತುಂಬಿದ ರೈಲುಗಾಡಿಯನ್ನು ಬಳಕೆಗೆ ತಂದಮೇಲೆ ಚಿಕಾಗೋವಿನಲ್ಲಿ ಕೊಯ್ದ ಮಾಂಸವು ನೂರಾರು ಹರದಾರಿ ದೂರದ ನ್ಯೂಯಾರ್ಕಿನಲ್ಲಿ ಮಾರಾಟವಾಗತೊಡಗಿತು. ಕೆಲಸದ ಕ್ರಮವೂ ಹೊಸದು. ಹಂದಿಯನ್ನು ಹಿಂಗಾಲಿನಿಂದ ತೂಗುಹಾಕಿದ ಸರಪಣಿಯು ಚಲಿಸುತ್ತಲೇ ಇರುವುದು. ಸಾಲಾಗಿ ನಿಂತ ಆಳುಗಳಲ್ಲಿ ಒಬ್ಬೊಬ್ಬನೂ ಒಂದೊಂದೇ ಕೊಯ್ತವನ್ನು ಕೊಯ್ಯುವನು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಹಂದಿಯು ಹಂದಿಯಾಗಿ ಉಳಿದಿರದು. ಮೋಟಾರು ತಯಾರಿಸುವ ಹೆನ್ರಿ ಫೋರ್ಡನು ತನ್ನ ಕಾರಖಾನೆಯ ಚಲಿಸುವ ಸಾಲಿನ ಕಲ್ಪನೆಯು ಚಿಕಾಗೋವಿನ ಮಾಂಸದವರಿಂದಲೇ ಬಂದಿತೆಂದು ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿರುವನು. ಅವನು ಬಿಡಿಭಾಗಗಳನ್ನು ಕೂಡಿಸಿದನು, ಇವರು ಬಿಡಿಸಿದರು, ವ್ಯತ್ಯಾಸವಿಷ್ಟೆ.

ಇದರಿಂದ ಮಾಂಸವು ಅಗ್ಗವಾಯಿತು, ಬಡವನ ಕೈಗೂ ಎಟುಕಿತು, ಇದು ಸುಳ್ಳಲ್ಲ. ಆದರೆ ಕೊಯ್ದವನು ಯಾರು, ಎಂದು ಕೊಯ್ದನು, ಬೆರಸಿದುದೇನು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಹೇಳುವವರು ಇಲ್ಲವಾದರು. ಮಿಥಿಲೆಯ ಅಂಗಡಿಯಲ್ಲಿ ವ್ಯಾಧನ ಮುಖವು ಕಾಣಿಸುತ್ತಿದ್ದಿತು. ಚಿಕಾಗೋವಿನ ದೊಡ್ಡಿಯಲ್ಲಿ ಕಾಣಿಸುತ್ತಿದ್ದುದು ಸರಪಣಿ ಮಾತ್ರ.

ಆಸ್ಕರನು ಈ ನಗರದ ಮಾಂಸದಂಗಡಿಯಲ್ಲಿಯೂ ಆರ್ಮರನ ಕಾರಖಾನೆಯಲ್ಲಿಯೂ ಕೆಲವು ವರ್ಷ ದುಡಿದು ವ್ಯಾಪಾರದ ಒಳಹೊರಗುಗಳನ್ನೆಲ್ಲ ಕಂಡುಕೊಂಡನು. ಅವನ ಸೋದರನಾದ ಗಾಟ್‌ಫ್ರೀಡನು ಇತ್ತ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಸಾಸೇಜು ತುಂಬುವ ಮತ್ತು ಹ್ಯಾಮನ್ನು ಹದಮಾಡುವ ವಿದ್ಯೆಯನ್ನು ಗುರುಮುಖದಿಂದ ಕಲಿತಿದ್ದನು. ನ್ಯೂರೆಂಬರ್ಗು ಈ ವಿದ್ಯೆಗೆ ಕಾಶಿಯಿದ್ದಂತೆ. ಅಲ್ಲಿ ಸಾಸೇಜಿನ ಗುಣದೋಷಗಳ ವಿಚಾರವಾಗಿ ನಗರಸಭೆಯು ಮಧ್ಯಯುಗದಿಂದಲೂ ಕಟ್ಟಳೆಗಳನ್ನು ವಿಧಿಸುತ್ತಿದ್ದಿತು. ಒಬ್ಬನಿಗೆ ವ್ಯಾಪಾರ ಗೊತ್ತು, ಮತ್ತೊಬ್ಬನಿಗೆ ವಿದ್ಯೆ ಗೊತ್ತು. 1883ರಲ್ಲಿ ಸೋದರರಿಬ್ಬರೂ ಕೂಡಿ ಚಿಕಾಗೋವಿನ ಉತ್ತರ ಭಾಗದಲ್ಲಿ, ಜರ್ಮನರು ಹೆಚ್ಚಾಗಿ ವಾಸಿಸುತ್ತಿದ್ದ ಕೇರಿಯಲ್ಲಿ, ನಡೆಯದೆ ಕುಂಟುತ್ತಿದ್ದ ಒಂದು ಮಾಂಸದಂಗಡಿಯನ್ನು ಗುತ್ತಿಗೆಗೆ ಹಿಡಿದರು. ಲೆಕ್ಕಪತ್ರ ಬರೆಯುವುದಕ್ಕೆ ಮ್ಯಾಕ್ಸ್ ಎಂಬ ಇನ್ನೊಬ್ಬ ಸೋದರನೂ ಬಂದು ಸೇರಿದನು.

ಲಿವರ್‌ವುರ್ಸ್ಟ್, ಬಾಕ್‌ವುರ್ಸ್ಟ್, ವೈಸ್‌ವುರ್ಸ್ಟ್ ಎಂಬ ನಾಮಗಳು ನಮ್ಮ ಕಿವಿಗೆ ಕರ್ಕಶವಾಗಿ ಕೇಳಿಸಿದರೂ ಆ ಕೇರಿಯ ಜನರಿಗೆ ಅವು ತಾಯಿಯ ಅಡಿಗೆಯ ಹೆಸರುಗಳು. ಬೊಂಬಾಯಿಯ ಮಾಟುಂಗದಲ್ಲಿ ಉಡುಪಿಯ ಭಟ್ಟರು ಹಂಚಿನ ಮೇಲೆ ದೋಸೆ ಹುಯ್ದಾಗ ದಕ್ಷಿಣದ ಗುಮಾಸ್ತರಿಗೆ ಆಗುತ್ತಿದ್ದ ಆನಂದವೇ ಇವರಿಗೂ ಆಯಿತು. ಊರ ಹೆಸರು ತಿನಿಸಿನ ಹೆಸರಾಗಿ ಪ್ರವಾಸ ಹೊರಡುವುದು ಎಲ್ಲ ದೇಶಗಳಲ್ಲಿಯೂ ಉಂಟು. ವೀನರ್ ಎಂದರೆ ವಿಯೆನ್ನದ್ದು, ಫ್ರ್ಯಾಂಕ್‌ಫರ್ಟರ್ ಎಂದರೆ ಫ್ರ್ಯಾಂಕ್‌ಫರ್ಟಿನದು, ಬಲೋನಿ ಎಂಬುದು ಇಟಲಿಯ ಬೊಲೊನ್ಯಾ ನಗರದ ಅಪಭ್ರಂಶ. ಧಾರವಾಡದ ಪೇಡೆಯನ್ನೇ ನೋಡಿ: ಅದನ್ನು ಮೊದಲು ಮಾಡಿದವರು ಪ್ಲೇಗಿನ ಉಪದ್ರವದಿಂದ ಉತ್ತರದ ಉನ್ನಾವನ್ನು ಬಿಟ್ಟು ಬಂದ ಠಾಕೂರ ಮನೆತನದವರು. ಅವರಿಗೆ ಧಾರವಾಡವು ಹೊಸ ಊರು. ಪೇಡೆಗೆ ಈಗ ಅದಲ್ಲದೆ ಬೇರೆ ಊರಿಲ್ಲ.

ಅಂಗಡಿಯು ಚೆನ್ನಾಗಿ ನಡೆಯಿತು, ಅದೇ ಅಪರಾಧವಾಯಿತು. 1888ರಲ್ಲಿ ಗುತ್ತಿಗೆಯ ಅವಧಿಯು ಮುಗಿದಾಗ ಕಟ್ಟಡದ ಒಡೆಯನು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ನೆಲೆಗೊಂಡ ವ್ಯಾಪಾರವನ್ನು ತಾನೇ ಕೈಗೆ ತೆಗೆದುಕೊಳ್ಳಬಹುದೆಂದು ಅವನ ಎಣಿಕೆ. ಕಲ್ಲು ಗಾರೆಗಳು ಅವನವಾಗಿದ್ದವು. ತೊಲೆಯ ಕೊಕ್ಕೆಗಳೂ ಹೊಗೆಯ ಕೋಣೆಯೂ ಅವನವೇ ಆಗಿದ್ದವು. ಸೋದರರು ಸಾಲ ತೆಗೆದು, ಸಮೀಪದಲ್ಲಿಯೇ ಸೆಡ್ಜ್‌ವಿಕ್ ಬೀದಿಯಲ್ಲಿ ಹೊಸ ಅಂಗಡಿಯನ್ನು ಕಟ್ಟಿಸಿದರು. ಗಿರಾಕಿಗಳು ಹಳೆಯ ಬಾಗಿಲನ್ನು ದಾಟಿಕೊಂಡು ಹೊಸ ಬಾಗಿಲಿಗೆ ಹೋದರು. ಪರಸ್ಥಳದಿಂದ ಬಂದು ಬಾಡಿಗೆಯ ಜಾಗದಲ್ಲಿ ಬದುಕು ಕಟ್ಟಿದವರೆಲ್ಲರಿಗೂ ಈ ಪರೀಕ್ಷೆಯು ಒಂದಲ್ಲ ಒಂದು ದಿನ ಬರುವುದು. ಕಟ್ಟಡಕ್ಕಾಗಿ ಬರುತ್ತಿದ್ದ ಜನವೋ ತಮಗಾಗಿ ಬರುತ್ತಿದ್ದ ಜನವೋ ಎಂಬುದು ಆ ದಿನವೇ ತಿಳಿಯುವುದು.

1893ರಲ್ಲಿ ಚಿಕಾಗೋವಿನಲ್ಲಿ ಕೊಲಂಬಿಯನ್ ಜಾಗತಿಕ ಪ್ರದರ್ಶನವು ನಡೆಯಿತು. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಈ ಪ್ರದರ್ಶನದ ಅಂಗವಾಗಿಯೇ ಏರ್ಪಟ್ಟಿದ್ದುದು. ಅದೇ ಪ್ರದರ್ಶನದ ಜರ್ಮನ್ ವಿಭಾಗಕ್ಕೆ ಧನಸಹಾಯ ಮಾಡಿದವರ ಪೈಕಿ ಮೇಯರ್ ಸೋದರರೂ ಇದ್ದರು. 1900ರ ವೇಳೆಗೆ ಅಂಗಡಿಯಲ್ಲಿ 43 ಮಂದಿ ಕೆಲಸಗಾರರಿದ್ದರು. ಕುದುರೆಗಾಡಿಗಳು ನಗರದ ಉದ್ದಗಲಕ್ಕೂ ಮಾಲನ್ನು ಒಯ್ಯುತ್ತಿದ್ದವು.

1904ರಲ್ಲಿ ಅವರು ಮಾಡಿದ ಒಂದು ಕಾರ್ಯವು ಇಂದು ತೀರ ಸಾಮಾನ್ಯವೆಂದು ತೋರುವುದು: ತಮ್ಮ ಮಾಂಸಕ್ಕೆ ತಮ್ಮದೆಂಬ ಗುರುತನ್ನಿಟ್ಟು ಮಾರತೊಡಗಿದರು. ಆಗಿನ ಮಾಂಸವು ಪೀಪಾಯಿಗಳಲ್ಲಿ ಬಂದು, ಕಟ್ಟೆಯ ಮೇಲೆ ಬಿದ್ದು, ಕೇಳಿದಷ್ಟು ಕತ್ತರಿಸಿ ಕೊಡಲ್ಪಡುತ್ತಿದ್ದ ಅನಾಮಧೇಯ ಪದಾರ್ಥ. ಹೆಸರಿಲ್ಲದ ಮಾಲಿನಿಂದ ಮಾರುವವನಿಗೆ ಒಂದು ಅನುಕೂಲವುಂಟು. ಕೆಟ್ಟರೆ ಅದು ಯಾರದೂ ಅಲ್ಲ. ಹೆಸರನ್ನು ಕೊಟ್ಟವನು ಬೈಗುಳಕ್ಕೆ ವಿಳಾಸವನ್ನೂ ಕೊಟ್ಟಂತಾಯಿತು.

ಬೈಗುಳವು ಬರುವುದಕ್ಕೆ ತಡವಾಗಲಿಲ್ಲ; ಆದರೆ ಅದು ಬಂದುದು ಇಡೀ ವರ್ತಕವರ್ಗದ ಮೇಲೆ. 1906ರಲ್ಲಿ ಅಪ್ಟನ್ ಸಿಂಕ್ಲೇರನು ‘ದಿ ಜಂಗಲ್’ ಎಂಬ ಕಾದಂಬರಿಯನ್ನು ಪುಸ್ತಕವಾಗಿ ಪ್ರಕಟಿಸಿದನು. ಅವನು ಬರೆದುದು ಲಿಥುವೇನಿಯ ದೇಶದಿಂದ ವಲಸೆ ಬಂದು ಚಿಕಾಗೋವಿನ ಮಾಂಸದ ಕಾರಖಾನೆಗಳಲ್ಲಿ ಸವೆದುಹೋದ ಒಂದು ಬಡ ಕುಟುಂಬದ ಗೋಳನ್ನು. ಮನೆ ಹೋಯಿತು, ಹೆಂಡತಿ ಹೋದಳು, ಮಗು ಹೋಯಿತು. ಓದಿದವರು ಇದಕ್ಕಾಗಿ ಅತ್ತರೋ ಇಲ್ಲವೋ, ಕೊಳೆತ ಮಾಂಸವನ್ನೂ ಇಲಿಗಳನ್ನೂ ಕೂಡಿಸಿ ಸಾಸೇಜು ತುಂಬುತ್ತಿದ್ದ ಪ್ರಸಂಗವನ್ನು ಓದಿ ಊಟ ಬಿಟ್ಟೆದ್ದರು. ಕಾರಖಾನೆಯ ಆಳಿನ ಬಾಳಿಗಿಂತ ತಮ್ಮ ತಟ್ಟೆಯ ಶುಚಿಯೇ ಜನರಿಗೆ ದೊಡ್ಡದಾಯಿತೆಂದು ಗ್ರಂಥಕರ್ತನಿಗೇ ವ್ಯಸನವಾಯಿತು. ಅದೇ ವರ್ಷದ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಮಾಂಸಪರೀಕ್ಷೆಯ ಕಾನೂನಿಗೆ ಸಹಿ ಮಾಡಿದನು. ಸರಕಾರದ ಪರೀಕ್ಷಕರು ತಮ್ಮಲ್ಲಿಗೆ ಬಂದು ನೋಡಲೆಂದು ತಾವಾಗಿ ಮುಂದೆ ಬಂದವರಲ್ಲಿ ಮೇಯರರು ಮೊದಲಿಗರಾಗಿದ್ದರು. ಇದರಲ್ಲಿ ಧರ್ಮಬುದ್ಧಿ ಎಷ್ಟು, ವ್ಯಾಪಾರಬುದ್ಧಿ ಎಷ್ಟು ಎಂದು ತೂಗಿ ನೋಡುವುದು ಕಷ್ಟ. ಬಹುಶಃ ಅವರೇ ತೂಗಿ ನೋಡಿರಲಾರರು. ಚೀಲದೊಳಗಿರುವುದನ್ನು ತೋರಿಸಲು ಹೆದರದವನಿಗೆ ಪರೀಕ್ಷಕನ ಮುದ್ರೆಯು ಖರ್ಚಿಲ್ಲದೆ ಬಂದ ಸ್ತುತಿಪಾಠ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ವಲಸೆ ಬಂದವರ ಏಳಿಗೆಯ ಕಥೆಗಳನ್ನು ಅಮೆರಿಕದವರು ಬಹಳ ಪ್ರೀತಿಯಿಂದ ಹೇಳುವರು. ಹದಿನಾಲ್ಕರ ಹುಡುಗ ಬರಿಗೈಯಲ್ಲಿ ಬಂದನು, ಬಂಗಲೆ ಕಟ್ಟಿಸಿದನು ಎಂದು. ಆದರೆ ಒಬ್ಬ ಆಸ್ಕರನಿಗೆ ಪ್ರತಿಯಾಗಿ ಸಿಂಕ್ಲೇರನು ಬರೆದಂತಹ ಕುಟುಂಬಗಳು ಎಷ್ಟೋ. ಪೋಲೆಂಡಿನವರು, ಲಿಥುವೇನಿಯದವರು, ಸ್ಲೊವಾಕರು, ಆಮೇಲೆ ದಕ್ಷಿಣದಿಂದ ಬಂದ ನೀಗ್ರೋ ಜನರು, ಮೆಕ್ಸಿಕೋ ದೇಶದವರು: ಒಬ್ಬರ ಬೆನ್ನ ಮೇಲೆ ಒಬ್ಬರು ಬಂದು ಆ ಸರಪಣಿಯ ಪಕ್ಕದಲ್ಲಿ ನಿಂತರು. ಅವರೂ ಹಡಗಿನಿಂದಲೋ ರೈಲಿನಿಂದಲೋ ಇಳಿದವರೇ.

ಮೊದಲನೆಯ ಮಹಾಯುದ್ಧಕ್ಕೆ 1917ರಲ್ಲಿ ಅಮೆರಿಕವು ಇಳಿದಾಗ ಜರ್ಮನ್ ಹೆಸರುಗಳಿಗೆ ದುರ್ದಶೆ ಬಂದಿತು. ಹುಳಿಹಾಕಿದ ಎಲೆಕೋಸಿನ ಸೌರ್‌ಕ್ರೌಟ್ ಎಂಬ ವ್ಯಂಜನಕ್ಕೂ ಸ್ವಾತಂತ್ರ್ಯದ ಕೋಸು ಎಂದು ಪುನರ್ನಾಮಕರಣ ಮಾಡಿದರು. ಬೀದಿಗಳ ಹೆಸರು ಬದಲಾಯಿತು, ಮನುಷ್ಯರೂ ಹೆಸರು ಬದಲಾಯಿಸಿಕೊಂಡರು. ಮೇಯರರ ಅಂಗಡಿಯ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಅಷ್ಟರೊಳಗೆ ಎರಡನೆಯ ತಲೆಮಾರು ಕೈಗೂಡಿದ್ದಿತು. ಆಸ್ಕರನ ಮಗನ ಹೆಸರೂ ಆಸ್ಕರ್. ನಡುವೆ ಚಿಕ್ಕಪ್ಪ ಗಾಟ್‌ಫ್ರೀಡನ ಹೆಸರನ್ನು ಸೇರಿಸಿ ಅವನನ್ನು ಆಸ್ಕರ್ ಜಿ. ಮೇಯರ್ ಎಂದು ಕರೆದರು. ಹಳೆಯ ಅಂಗಡಿಯಿಂದ ಹೊರಬಿದ್ದ 1888ರಲ್ಲಿಯೇ ಹುಟ್ಟಿದ ಈ ಮಗನು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ 1909ರಲ್ಲಿ ಪದವೀಧರನಾಗಿ ಅಂಗಡಿಗೆ ಬಂದನು. ಅಪ್ಪನು ಕತ್ತಿ ಮಸೆಯುತ್ತ ಕಲಿತ ವ್ಯಾಪಾರಕ್ಕೆ ಮಗನು ವಿಶ್ವವಿದ್ಯಾನಿಲಯದಿಂದ ಬಂದುದನ್ನು ಗಮನಿಸಬೇಕು. ನಮ್ಮಲ್ಲಾದರೆ ಪದವಿಯಾದೊಡನೆ ಅಂಗಡಿಯ ಮುಖವನ್ನೇ ನೋಡದೆ ಕಚೇರಿಯ ಕುರ್ಚಿಯನ್ನು ಹುಡುಕುವರು. 1919ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿಯಾದ ಮ್ಯಾಡಿಸನ್ ನಗರದಲ್ಲಿ ರೈತರು ಸಹಕಾರ ಪದ್ಧತಿಯಿಂದ ಕಟ್ಟಿ ನಡೆಸಲಾರದೆ ಹೋದ ಒಂದು ಮಾಂಸದ ಕಾರಖಾನೆಯು ಮಾರಾಟಕ್ಕೆ ಬಂದಿತು. ಮೇಯರರು ಅದನ್ನು ಕೊಂಡರು. ಮುಂದೆ ಈ ಮ್ಯಾಡಿಸನ್ನೇ ಅವರ ಉದ್ಯಮದ ತವರಾಯಿತು. 1957ರಲ್ಲಿ ಮುಖ್ಯ ಕಚೇರಿಯೂ ಅಲ್ಲಿಗೇ ಹೋಯಿತು. ಏಳಿಗೆಯ ದಿನಗಳಲ್ಲಿ ಅಲ್ಲಿ ಸುಮಾರು 4,000 ಮಂದಿ ದುಡಿಯುತ್ತಿದ್ದರು. ಅಜ್ಜ, ಮಗ, ಮೊಮ್ಮಗ ಮೂವರೂ ಅದೇ ಹೆಬ್ಬಾಗಿಲಿನಿಂದ ಕೆಲಸಕ್ಕೆ ಹೋದ ಮನೆಗಳು ಆ ಊರಿನಲ್ಲಿ ಇದ್ದವು.

ಹೊಸ ಉಪಾಯಗಳು ಒಂದಾದಮೇಲೊಂದು ಬಂದವು. 1924ರಲ್ಲಿ ಬೇಕನನ್ನು ತೆಳ್ಳಗೆ ಹೋಳುಮಾಡಿ ಕಟ್ಟುಗಳಲ್ಲಿ ಮಾರಿದರು. ಆದರೆ ಸಾಸೇಜಿನದೇ ಸಮಸ್ಯೆ. ಅದು ಊರೂರ ಮಾಂಸದಂಗಡಿಯ ಕಟ್ಟೆಯ ಮೇಲೆ ಇತರರ ಸಾಸೇಜಿನೊಡನೆ ಬೆರೆತು ಬಿದ್ದಿರುವುದು. ಯಾರದು ಯಾವುದೆಂದು ಬ್ರಹ್ಮನೂ ಹೇಳಲಾರನು. 1929ರಲ್ಲಿ ಅದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಸರದ ಪ್ರತಿ ನಾಲ್ಕನೆಯ ಸಾಸೇಜಿಗೆ ಹಳದಿ ಕಾಗದದ ಒಂದು ಪಟ್ಟಿಯನ್ನು ಉಂಗುರದಂತೆ ಸುತ್ತಿದರು. ಅದರ ಮೇಲೆ ಕಂಪನಿಯ ಹೆಸರು, ಪಕ್ಕದಲ್ಲಿ ಸರಕಾರದ ಪರೀಕ್ಷೆಯ ಮುದ್ರೆ. ಅದೇ ವರ್ಷ ಅಮೆರಿಕದಲ್ಲಿ ಹಣದ ಮಾರುಕಟ್ಟೆಯು ಕುಸಿದುಬಿದ್ದುದು. ಕೂಲಿಯಿಲ್ಲದ ಜನರು ಒಂದೊಂದು ಕಾಸನ್ನೂ ಎಣಿಸಿ ಕೊಡುತ್ತಿದ್ದ ಆ ದಿನಗಳಲ್ಲಿ ಹಳದಿಯ ಉಂಗುರವು ನಿಂತಿತು.

1936ರಲ್ಲಿ ಬಂದುದು ವೀನರ್‌ಮೊಬೈಲ್. ಆಸ್ಕರನ ಅಣ್ಣತಮ್ಮಂದಿರ ಮಕ್ಕಳಲ್ಲೊಬ್ಬನಾದ ಕಾರ್ಲ್ ಮೇಯರನಿಗೆ ಇದು ಹೊಳೆಯಿತು. 13 ಅಡಿ ಉದ್ದದ, ಸಾಸೇಜಿನ ಆಕಾರದ ಒಂದು ಮೋಟಾರು! ಅದನ್ನು ಚಿಕಾಗೋವಿನ ಬೀದಿಗಳಲ್ಲಿ ಓಡಿಸಿದಾಗ ಮಕ್ಕಳು ಗಣಪತಿಯ ಮೆರವಣಿಗೆಯ ಹಿಂದೆ ಓಡುವಂತೆ ಓಡಿದರು. ಅದರ ಜೊತೆಗೆ ಬಾಣಸಿಗನ ವೇಷ ತೊಟ್ಟ ಕುಳ್ಳ ಮನುಷ್ಯನೊಬ್ಬನು ಪುಟ್ಟ ಆಸ್ಕರ್ ಎಂಬ ಹೆಸರಿನಿಂದ ಊರೂರು ಸುತ್ತುತ್ತಿದ್ದನು. ಬಹುಕಾಲ ಈ ವೇಷವನ್ನು ಧರಿಸಿದ ಮೈನ್‌ಹಾರ್ಟ್ ರಾಬನು 1939ರ ‘ದಿ ವಿಜರ್ಡ್ ಆಫ್ ಆಜ್’ ಎಂಬ ಪ್ರಸಿದ್ಧ ಚಲಚ್ಚಿತ್ರದಲ್ಲಿಯೂ ನಟಿಸಿದವನು. ನಿಜವಾದ ಆಸ್ಕರನು ಆಗ ವೃದ್ಧನಾಗಿ ಜೀವಿಸಿದ್ದನು. ಅವನ ಹೆಸರು ಅವನಿಂದ ಬೇರೆಯಾಗಿ, ಮತ್ತೊಬ್ಬನ ಮೈಮೇಲೆ ವೇಷವಾಗಿ ನಡೆದಾಡಿದುದು ಅದೇ ಮೊದಲು. ಅವನಿಗೆ ಅದನ್ನು ಕಂಡು ನಗೆ ಬಂದಿತೋ ಬೇರೇನಾದರೂ ಬಂದಿತೋ!

1955ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, 95 ವರ್ಷ ಬಾಳಿ, ಆಸ್ಕರ್ ಮೇಯರನು ತೀರಿಕೊಂಡನು. ಮಗನು 1965ರಲ್ಲಿ ತೀರಿಕೊಂಡನು. ಮೂರನೆಯ ತಲೆಮಾರಿನ ಆಸ್ಕರನು 1977ರಲ್ಲಿ ಕಂಪನಿಯ ಅಧ್ಯಕ್ಷಸ್ಥಾನದಿಂದ ನಿವೃತ್ತನಾದನು. ಈತನೂ ಅಜ್ಜನಂತೆಯೇ 95 ವರ್ಷ ಬದುಕಿ 2009ರಲ್ಲಿ ಕಾಲವಾದನು. ಆದರೆ ಅಷ್ಟರಲ್ಲಿ ಮನೆಯ ಹೆಸರು ಮನೆಯವರದಾಗಿರಲಿಲ್ಲ. 1981ರಲ್ಲಿ ಜನರಲ್ ಫುಡ್ಸ್ ಎಂಬ ದೊಡ್ಡ ಕಂಪನಿಯು ಸುಮಾರು 47 ಕೋಟಿ ಡಾಲರುಗಳನ್ನು ಕೊಟ್ಟು ಆಸ್ಕರ್ ಮೇಯರ್ ಸಂಸ್ಥೆಯನ್ನು ಕೊಂಡಿತು. 1985ರಲ್ಲಿ ಆ ಜನರಲ್ ಫುಡ್ಸನ್ನೇ ಫಿಲಿಪ್ ಮಾರಿಸ್ ಎಂಬ ಸಿಗರೇಟಿನ ಕಂಪನಿಯು ನುಂಗಿತು. ಮತ್ಸ್ಯನ್ಯಾಯವು ಅರಸರಿಗೆ ಮಾತ್ರ ಸಲ್ಲುವುದೆಂದು ತಿಳಿದವರು ಈ ವ್ಯವಹಾರಗಳನ್ನು ನೋಡಬೇಕು. ಮುಂದೆ ಕ್ರಾಫ್ಟ್ ಸೇರಿತು. 2015ರಲ್ಲಿ ಕ್ರಾಫ್ಟಿಗೆ ಹೈಂಜ್ ಕೂಡಿತು.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವಾದುದೆಂದು ಮೀಮಾಂಸಕರು ವಾದಿಸುವರು. ಅದು ಸಂಕೇತಮಾತ್ರವೆಂದು ನೈಯಾಯಿಕರು ಹೇಳುವರು. ವಾಣಿಜ್ಯದ ಕಾನೂನು ನೈಯಾಯಿಕರ ಪಕ್ಷ. ಆಸ್ಕರ್ ಮೇಯರ್ ಎಂಬ ಶಬ್ದವನ್ನು ಅದರ ಅರ್ಥವಾದ ಮನುಷ್ಯನಿಂದಲೂ ಮನೆಯಿಂದಲೂ ಬಿಡಿಸಿ, ತೂಗಿ, ಬೆಲೆ ಕಟ್ಟಿ, ಸಹಿ ಹಾಕಿಸಿ ಒಯ್ಯಬಹುದು. ಜನರ ಮನಸ್ಸಾದರೋ ಮೀಮಾಂಸಕರ ಕಡೆಗೇ ವಾಲುವುದು. 1970ರ ದಶಕದಲ್ಲಿ ದೂರದರ್ಶನದ ಜಾಹೀರಾತಿನಲ್ಲಿ ಒಬ್ಬ ಪುಟ್ಟ ಹುಡುಗನು ಈ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಹಾಡುತ್ತಿದ್ದನು. ಅದನ್ನು ಕೇಳುತ್ತ ಬೆಳೆದ ಎಷ್ಟೋ ಮಕ್ಕಳು ಶಾಲೆಯ ಪಾಠಕ್ಕಿಂತ ಮೊದಲೇ ಆ ಎರಡು ಹೆಸರುಗಳ ಕಾಗುಣಿತವನ್ನು ಕಲಿತರು. ಕಂಪನಿಯ ಒಡೆತನವು ಎಷ್ಟು ಕೈ ಬದಲಾಯಿತೆಂಬುದು ಅವರಿಗೆ ಬೇಕಾಗಿರಲಿಲ್ಲ. ಎಲ್ಲಿಯೋ ಒಬ್ಬ ಆಸ್ಕರನಿದ್ದಾನೆ, ಅವನು ನೋಡಿಕೊಳ್ಳುತ್ತಿದ್ದಾನೆ ಎಂದೇ ಅವರ ಮನಸ್ಸಿನ ಮೂಲೆಯಲ್ಲಿ ಉಳಿದಿದ್ದಿತು.

2015ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾಲಯವು ಹ್ಯಾಮು, ಬೇಕನ್, ಸಾಸೇಜು ಮುಂತಾದ ಸಂಸ್ಕರಿಸಿದ ಮಾಂಸವು ಮನುಷ್ಯರಲ್ಲಿ ಕರುಳಿನ ಕ್ಯಾನ್ಸರಿಗೆ ಕಾರಣವಾಗುವುದೆಂದು ಸಾರಿತು. ಅದಕ್ಕೂ ಮುಂದೆ ನಡೆದುದಕ್ಕೂ ಸಂಬಂಧವಿಲ್ಲ. ಕೆಲವೇ ದಿನಗಳ ಅಂತರದಲ್ಲಿ, ನವೆಂಬರಿನ ಆದಿಯಲ್ಲಿ, ಖರ್ಚನ್ನು ಕಡಮೆ ಮಾಡುವ ನಿಮಿತ್ತ ಮ್ಯಾಡಿಸನ್ನಿನ ಕಾರಖಾನೆಯನ್ನು ಮುಚ್ಚುವೆವೆಂದು ಹೊಸ ಒಡೆಯರು ಪ್ರಕಟಿಸಿದರು. ಕಚೇರಿಯು ಚಿಕಾಗೋವಿಗೆ ಹೋಯಿತು. ಯಂತ್ರಗಳು ಬೇರೆ ಊರುಗಳಿಗೆ ಹೋದವು. 2017ರಲ್ಲಿ ಕೆಲಸವು ಪೂರ್ತಿಯಾಗಿ ನಿಂತಿತು. ಸುಮಾರು ನೂರು ವರ್ಷ ಆ ಊರಿಗೆ ಅನ್ನವಿತ್ತ ಜಾಗವದು. ಅಜ್ಜ ಹೋದ ಹೆಬ್ಬಾಗಿಲಿನಿಂದ ಮೊಮ್ಮಗನು ಕೊನೆಯ ಸಲ ಹೊರಗೆ ಬಂದನು. 1888ರಲ್ಲಿ ಕಟ್ಟಡವು ಕೈಬಿಟ್ಟಿತು, ಹೆಸರನ್ನು ನಂಬಿ ಜನರು ಹಿಂದೆ ಹೋದರು. ಈ ಸಲ ಹೆಸರೇ ಹೊರಟುಹೋಯಿತು. ಜನರು ಕಟ್ಟಡದೊಡನೆ ಉಳಿದರು.

ಸಾಸೇಜಿನ ಮೋಟಾರು ಮಾತ್ರ ಓಡುತ್ತಲೇ ಇದ್ದಿತು. 2023ನೆಯ ಇಸವಿಯ ಮೇ ತಿಂಗಳಲ್ಲಿ ಕಂಪನಿಯವರು ಹೊಸ ಸಾಸೇಜಿನ ಪ್ರಚಾರಕ್ಕಾಗಿ ವೀನರ್‌ಮೊಬೈಲ್ ಎಂಬ ಹೆಸರನ್ನು ತೆಗೆದು ಅದನ್ನು ಫ್ರ್ಯಾಂಕ್‌ಮೊಬೈಲ್ ಎಂದು ಕರೆದರು. ವಿಯೆನ್ನ ಹೋಗಿ ಫ್ರ್ಯಾಂಕ್‌ಫರ್ಟ್ ಬಂದಿತು. ಅದರ ಬಾಳಿಕೆ ನಾಲ್ಕೇ ತಿಂಗಳು. ಸೆಪ್ಟೆಂಬರಿನಲ್ಲಿ ಹೊಸ ಫಲಕವನ್ನು ಕಿತ್ತು, ಕಾರ್ಲ್ ಮೇಯರನ ಕಾಲದ ಹೆಸರನ್ನೇ ಮರಳಿ ಬರೆಯಿಸಿದರು.